ಕೈವಾರದ ಸಂಗೀತೋತ್ಸವಕ್ಕೆ ಕ್ಯಾಮೆರಾ ಹೊತ್ತು ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ಗುರುಪೂರ್ಣಿಮೆಯ ಸಂಗೀತಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರಕ್ಕೆ ಹೋಗುವವರು ಪಕ್ಕದ ಚಿಂತಾಮಣಿ ಪೇಟೆಯಲ್ಲಿ ರೂಮು ಮಾಡಬೇಡಿ. ಫೋನಿನಲ್ಲಿ 900 ಅಂದಿದ್ದ ಲಾಡ್ಜಿನವನು, ನಾನು ಬ್ಯಾಗು ಇಳಿಸಿದ ಮೇಲೆ ‘ಹಬ್ಬದ ರೇಟು ಸಾರ್’ ಅಂತ 1,800 ಕೇಳಿದ. ಆ ದುಡ್ಡಿಗೆ ಸಿಕ್ಕಿದ್ದು ಟಿವಿ ಹಿಂದೆ ಅಡಗಿರುವ ಒಂದೇ ಒಂದು ಪ್ಲಗ್ ಪಾಯಿಂಟು, ಕಿಟಕಿಯ ಕೆಳಗೆ ಟೊಮೆಟೊ ಕ್ರೇಟು ತುಂಬುವ ಲಾರಿಗಳು, ರಾತ್ರಿಯಿಡೀ ರಿವರ್ಸ್ ಹಾರ್ನು. ಹೋಗಲಿ, ನಿದ್ದೆ ಮಾಡಲಂತೂ ನಾನು ಹೋಗಿರಲಿಲ್ಲ. ನಿಜವಾದ ತೊಂದರೆ ಬೇರೆ. ಕೈವಾರದಲ್ಲಿ ನೋಡಲೇಬೇಕಾದದ್ದು ನಡೆಯುವುದು ಮಧ್ಯರಾತ್ರಿ ಕಳೆದ ಮೇಲೆ. ಆ ಹೊತ್ತಿಗೆ ಬಸ್ಸಿಲ್ಲ. ಆಟೋದವನು ನನ್ನ ಹೆಗಲ ಮೇಲಿನ ಲೆನ್ಸ್ ನೋಡಿ 600 ಅಂದ. ಪಕ್ಕದಲ್ಲಿದ್ದ ಹಳ್ಳಿಯವರನ್ನು ಅದೇ ದಾರಿಗೆ ತಲೆಗೆ 40ರಂತೆ ತುಂಬಿಕೊಂಡ. ನಾನೂ ಅವರ ನಡುವೆಯೇ ತೂರಿಕೊಂಡೆ. ನೀವೂ ಹಾಗೇ ಮಾಡಿ.

ಆಷಾಢದ ಹುಣ್ಣಿಮೆಗೆ ಯೋಗಿನಾರೇಯಣ ಮಠದಲ್ಲಿ ಮೂರು ದಿನ, 72 ಗಂಟೆ, ಬಿಟ್ಟೂಬಿಡದೆ ಸಂಗೀತ. ಬಳೆ ಮಾರುತ್ತಿದ್ದ ನಾರಾಯಣಪ್ಪ ಸಂತಕವಿ ಕೈವಾರ ತಾತಯ್ಯನಾದ ಕತೆ ಈ ಸೀಮೆಯವರಿಗೆ ನಾನೇನೂ ಹೇಳಬೇಕಿಲ್ಲ. ಅವರ ಕೀರ್ತನೆಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಸಭೆಯಲ್ಲಿ ಕೂತವರಿಗೆ ಎರಡೂ ಬಾಯಿಪಾಠ. ಹಾಗಾಗಿ ಫೋಟೊ ವೇದಿಕೆಯ ಮೇಲೆ ಎಷ್ಟು ಸಿಗುತ್ತದೋ ಕೆಳಗೂ ಅಷ್ಟೇ ಸಿಗುತ್ತದೆ.

ನಾನು ಬೆಂಗಳೂರಿನ ರಾಕ್ ಶೋಗಳಲ್ಲಿ ಫೋಟೊ ತೆಗೆದು ಪಳಗಿದವನು. ಅಲ್ಲಿ ಕಾನೂನು ಒಂದೇ: ಮೊದಲ ಮೂರು ಹಾಡು, ಫ್ಲ್ಯಾಶ್ ಇಲ್ಲ, ಆಮೇಲೆ ಪಿಟ್‌ನಿಂದ (ವೇದಿಕೆ ಮುಂದೆ ಫೋಟೊದವರಿಗೆ ಬಿಟ್ಟ ಜಾಗ) ಆಚೆ ನಡಿ. ಇಲ್ಲಿ ಪಾಸು ಯಾರ ಹತ್ತಿರ ಕೇಳಬೇಕು ಅಂತ ಒಬ್ಬ ಸ್ವಯಂಸೇವಕರನ್ನು ವಿಚಾರಿಸಿದೆ. ‘ಯಾವ ಪೇಪರು?’ ಅಂದರು. ಯಾವುದೂ ಇಲ್ಲ ಅಂದೆ. ‘ಹಂಗಾದ್ರೆ ಕೂತ್ಕೊಂಡು ತೆಗೀರಿ, ಹಿಂದಿನೋರಿಗೆ ಕಾಣಲ್ಲ.’ ಇಷ್ಟೇ.

ಕೂರುವುದು ಮರ್ಯಾದೆಗೆ ಮಾತ್ರವಲ್ಲ, ಫೋಟೊಗೂ ಒಳ್ಳೆಯದು. ಹಾಡುವವರು ನೆಲದ ಮೇಲೆ ಕೂತಿರುತ್ತಾರೆ. ನಿಂತು ತೆಗೆದರೆ ನೆತ್ತಿ ಮತ್ತು ಮೈಕು ಬಿಟ್ಟು ಬೇರೇನೂ ಬರುವುದಿಲ್ಲ. ಸಭೆಯಿಂದ ನೋಡಿದರೆ ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು, ಇಬ್ಬರೂ ಎದುರುಬದುರು. ಪಿಟೀಲಿನವರ ಮುಖ ಬೇಕಾದರೆ ನೀವು ಎಡಗಡೆ ಕೂರಬೇಕು, ಮೃದಂಗದವರ ಮುಖಕ್ಕೆ ಬಲಗಡೆ. ಜಾಗ ಮೊದಲೇ ಹಿಡಿಯಿರಿ, ಕಛೇರಿಯ ನಡುವೆ ಆಚೆ ಈಚೆ ಓಡಾಡಿದರೆ ಬೈಸಿಕೊಳ್ಳುತ್ತೀರಿ.

ಶಬ್ದ ಬರಬಾರದು ಅಂತ ಸೈಲೆಂಟ್ ಶಟರ್, ಅಂದರೆ ಎಲೆಕ್ಟ್ರಾನಿಕ್ ಶಟರ್, ಹಾಕಿಕೊಂಡು ಬರುವವರಿಗೆ ಒಂದು ಮಾತು. ವೇದಿಕೆಯ ಎಲ್‌ಇಡಿ ದೀಪಗಳಡಿ ಅದನ್ನು ಹಾಕಿದರೆ ಚಿತ್ರದ ತುಂಬ ಕಪ್ಪು ಪಟ್ಟೆ ಬೀಳಬಹುದು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ 1/50 ಅಥವಾ 1/100 ಸೆಕೆಂಡಿನಲ್ಲಿ ಮೆಕ್ಯಾನಿಕಲ್ ಶಟರೇ ವಾಸಿ. ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 3200ಕ್ಕೆ ಏರಿದರೂ ಚಿಂತೆಯಿಲ್ಲ. ಕ್ಲಿಕ್ ಸದ್ದಿಗೆ ಉಪಾಯವೂ ಇದೆ: ಆಲಾಪನೆಯಲ್ಲಿ ಕೈ ಕಟ್ಟಿ ಕೂತು, ತನಿ ಆವರ್ತನ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಶುರುವಾದಾಗ ಮನಸಾರೆ ಹೊಡೆಯಿರಿ. ಬಾಡಿಗೆಗೆ ಬಂದ ವಿಡಿಯೊ ತಂಡವೊಂದು ಹಾಡುವವರ ಮುಖಕ್ಕೇ ಬಿಳಿ ಲೈಟು ಬಿಟ್ಟು ಒಂದು ಸಂಜೆಯ ನನ್ನ ಚಿತ್ರಗಳನ್ನೆಲ್ಲ ಸುಣ್ಣ ಬಳಿದ ಹಾಗೆ ಮಾಡಿತು. ಅಲ್ಲಿಂದಾಚೆ ಸಂಜೆಯ ದೊಡ್ಡ ಹೆಸರಿನವರ ಕಛೇರಿಗಳನ್ನು ನಾನು ಬಿಟ್ಟೇಬಿಟ್ಟೆ; ಅವರ ಫೋಟೊ ಬೆಂಗಳೂರಲ್ಲೇ ಸಿಗುತ್ತದೆ.

ರಾತ್ರಿ ಎರಡರ ಮೇಲೆ ಬನ್ನಿ. ವಿಡಿಯೊದವರು ಗೊರಕೆ ಹೊಡೆಯುತ್ತಿರುತ್ತಾರೆ. ಹಳ್ಳಿಗಳ ಭಜನೆ ತಂಡಗಳು ಸರದಿಗೆ ಕಾಯುತ್ತ ಕಂಬಕ್ಕೆ ಒರಗಿ ಕೂತಿರುತ್ತವೆ. ಒಬ್ಬ ಅಜ್ಜ, ಒಂದು ಕೈಯಲ್ಲಿ ತಂಬೂರಿ, ಇನ್ನೊಂದು ಕೈಯ ಬೆರಳುಗಳಲ್ಲಿ ತಾಳ ಹಾಕುವ ಮರದ ಚಿಟಿಕೆ. ತಂಬೂರಿಯ ಬುರುಡೆ ಎಲ್ಲೋ ಒಡೆದಿತ್ತೆಂದು ಕಾಣುತ್ತದೆ, ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದರು. ವೇದಿಕೆ ಹತ್ತುವ ಮೊದಲೇ ಮೆಲ್ಲಗೆ ಶುರುಮಾಡಿದರು. ಸುತ್ತ ಚಾಪೆ ಮೇಲೆ ಮಲಗಿದ್ದವರಲ್ಲಿ ನಾಲ್ಕೈದು ಜನ ಕಣ್ಣು ಬಿಡದೆಯೇ ಪಲ್ಲವಿಗೆ ದನಿಗೂಡಿಸಿದರು. 85 ಎಂಎಂ ಲೆನ್ಸ್, ಒಂದೇ ಟ್ಯೂಬ್‌ಲೈಟು. ಮೂರು ದಿನದ ಫೋಟೊಗಳಲ್ಲಿ ನಾನು ಇಟ್ಟುಕೊಂಡದ್ದು ಹೆಚ್ಚಾಗಿ ಆ ರಾತ್ರಿಯವೇ. ತೆಗೆಯುವ ಮುಂಚೆ ಕಣ್ಣಲ್ಲೇ ಕೇಳಿ. ಬೇಡ ಅಂದವರು ಯಾರೂ ಸಿಗಲಿಲ್ಲ. ತಾತಯ್ಯನ ಸನ್ನಿಧಿಯೊಳಗೆ ಮಾತ್ರ ಕ್ಯಾಮೆರಾ ಬ್ಯಾಗಿಗೆ ಹಾಕಿ.

ಹಾಗಾಗಿ ಮಲಗಲು ಮಠದ ಸುತ್ತಲೇ ಜಾಗ ನೋಡಿಕೊಳ್ಳಿ, ಚಾಪೆ ಮತ್ತು ದಪ್ಪ ಹೊದಿಕೆ ಸಾಕು. ಕಾಲು ತುಳಿದರೆ ಸಿಟ್ಟು ಬರುವವರಿಗೆ ಇದು ಆಗಿಬರುವುದಿಲ್ಲ. ನನಗಂತೂ ಜನರ ನಡುವೆಯೇ ನಿದ್ದೆ ಚೆನ್ನಾಗಿ ಬರುತ್ತದೆ. ಆಷಾಢದ ಗಾಳಿಗೆ ಜಿನುಗು ಮಳೆ ಅಡ್ಡಡ್ಡ ಹೊಡೆಯುತ್ತದೆ, ಕ್ಯಾಮೆರಾಗೆ ಕವರ್ ಇರಲಿ.

ಊಟಕ್ಕೆ ಮಠದ ಪಂಕ್ತಿ ಇದ್ದೇ ಇದೆ. ಆದರೆ ಕೈವಾರ ಕ್ರಾಸಿನ ಕಡೆ, ಬೋರ್ಡೇ ಇಲ್ಲದ ಒಂದು ಶೀಟಿನ ಹೋಟೆಲು ಹುಡುಕಿಕೊಂಡು ಹೋಗಿ. ಗಂಡ ಮುದ್ದೆ ತೊಳಸುತ್ತಾನೆ, ಹೆಂಡತಿ ಲೆಕ್ಕ ನೋಡುತ್ತಾಳೆ. ಮೊಳಕೆ ಹುರುಳಿಯ ಬಸ್ಸಾರು, ಕಟ್ಟು ಬಸಿದು ಉಳಿದ ಕಾಳಿಗೆ ಕಾಯಿ ಒಗ್ಗರಣೆಯ ಪಲ್ಯ, ಪಕ್ಕದಲ್ಲಿ ಹಸಿಮೆಣಸಿನ ಖಾರ, ಒಂದು ಹೋಳು ಈರುಳ್ಳಿ. ಮುದ್ದೆ ಕೈಗೆ ಅಂಟುವುದಿಲ್ಲ, ಬೆರಳಿಟ್ಟರೆ ಜಾರುತ್ತದೆ. ಸಾರು ಕೇಳಿದಷ್ಟು, ಕೊನೆಗೆ ಒಂದು ಸೌಟು ಅನ್ನ, ಮಜ್ಜಿಗೆ. 60 ರೂಪಾಯಿ. ‘ಇನ್ನರ್ಧ ಮುದ್ದೆ’ ಅಂದರೆ ಅದಕ್ಕೆ ದುಡ್ಡು ಹಿಡಿಯಲಿಲ್ಲ. ಎರಡು ಗಂಟೆಗೆ ಸಾರು ಖಾಲಿ, ಒಂದಕ್ಕೇ ಹೋಗಿ. ನಾನು ಕೈವಾರದ ಬೆಟ್ಟ ಹತ್ತುವುದನ್ನು ಬಿಟ್ಟು ಅಲ್ಲಿಗೇ ಮತ್ತೆ ಮತ್ತೆ ಹೋದೆ.

ಬೆಂಗಳೂರಿನಿಂದ ಬರುವಾಗ ಹೊಸಕೋಟೆ ದಾರಿಯ ಚಿಂತಾಮಣಿ ಬಸ್ಸು ಹತ್ತಿ ಕ್ರಾಸಿನಲ್ಲಿ ಇಳಿದರಾಯಿತು. ವಾಪಸು ಬರುವಾಗ ಹುಣ್ಣಿಮೆಯ ಮರುದಿನ ಬೆಳಿಗ್ಗೆ ಕ್ರಾಸಿನಲ್ಲಿ ನಿಂತು ಕಾಯಬೇಡಿ. ಬಸ್ಸು ತುಂಬಿಕೊಂಡೇ ಬರುತ್ತದೆ, ಡ್ರೈವರು ಕೈ ಬೀಸಿ ಹೋಗುತ್ತಾನೆ. ಚಿಂತಾಮಣಿಗೇ ಹಿಂದಕ್ಕೆ ಹೋಗಿ ಅಲ್ಲಿಂದ ಹತ್ತಿ, ಲೆನ್ಸ್ ಬ್ಯಾಗು ತೊಡೆಯ ಮೇಲಿಟ್ಟುಕೊಳ್ಳುವಷ್ಟಾದರೂ ಜಾಗ ಸಿಗುತ್ತದೆ.