ಚೊಂಬು ಮೇಷ್ಟ್ರು

ಡಿಸೈನ್ ಡಿಗ್ರಿಗೆ ಸೇರಿದ ಮೊದಲ ವಾರದಲ್ಲೇ ಮೇಷ್ಟ್ರುಗಳಿಗೆಲ್ಲ ಮನಸ್ಸಿನಲ್ಲಿ ಮಾರ್ಕ್ಸ್ ಹಾಕಿ ಮುಗಿಸಿದ್ದೆ. ಟೈಪೋಗ್ರಫಿಯವರು ಬಿಳಿ ಸ್ನೀಕರ್ಸು, ತೋಳಿಗೆ ಟ್ಯಾಟೂ. ‘ಇಲ್ಲಿವರೆಗೆ ಕಲಿತಿದ್ದೆಲ್ಲ ಮರೆತುಬಿಡಿ’ ಅಂತ ಇಂಗ್ಲಿಷಿನಲ್ಲಿ ಅಂದಾಗ ಮೈ ಜುಮ್ಮೆಂದಿತ್ತು. ಹತ್ತಕ್ಕೆ ಒಂಬತ್ತು. ಕಲರ್ ಥಿಯರಿ ಮೇಡಂ ಬ್ರಷ್ ತೊಳೆಯುವ ನೀರು ಕೊಳೆಯಾದರೂ ಬೈಯುತ್ತಾರೆ, ಆರು ಕೊಟ್ಟಿದ್ದೇ ಹೆಚ್ಚು. ಇನ್ನು ಅರ್ಧ ತೋಳಿನ ಷರಟು, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಬಟ್ಟೆ ಅಂಗಡಿಯ ಚೀಲ ಇಟ್ಟುಕೊಂಡು ಬಂದವರನ್ನು ನಾನು ಅಟೆಂಡರ್ ಅಂದುಕೊಂಡೆ. ಫೌಂಡೇಶನ್ ಕ್ಲಾಸು ಅವರದೇ ಅಂತ ಅವರು ಬೋರ್ಡು ಒರೆಸಿ ಮಾತು ಶುರುಮಾಡಿದ ಮೇಲೇ ಗೊತ್ತಾಗಿದ್ದು.

ಈ ಮಂಗಳವಾರ ಆ ಚೀಲದಿಂದ ಹೊರಬಂದಿದ್ದು ಒಂದು ಹಿತ್ತಾಳೆ ಚೊಂಬು. ಕನ್ನಡದ ಐದು ಜನ ಕಿಸಕ್ಕೆಂದೆವು. 2024ರ ಲೋಕಸಭೆ ಚುನಾವಣೆಯಲ್ಲಿ ಪೇಪರ್ ಜಾಹೀರಾತಿಗೇ ಬಂದಿದ್ದ ಚೊಂಬು, ನಗದೆ ಇನ್ನೇನು? ದೆಹಲಿ, ಕೊಲ್ಕತ್ತಾದವರು ಮಿಕಮಿಕ ನೋಡುತ್ತಿದ್ದರು. ಮೇಷ್ಟ್ರು ನಮ್ಮ ಕಡೆ ತಿರುಗಿ ಕನ್ನಡದಲ್ಲೇ, “ನಗ್ರಪ್ಪಾ ನಗ್ರಿ. ಇಷ್ಟು ಫೀಸು ಕಟ್ಟಿ ಕೊನೆಗೆ ಸಿಗೋದು ಇದೇ” ಅಂದರು.

ಆಮೇಲೆ ಇಂಗ್ಲಿಷಿಗೆ ಹೊರಳಿದರು. ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರಂತೆ. ಅಹಮದಾಬಾದಿನಲ್ಲಿ 1961ರಲ್ಲಿ ಡಿಸೈನ್ ಕಲಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಐಡಿ ಶುರುವಾಗಿದ್ದರ ಹಿಂದೆ ಇರೋದು ಅದೇ. ಈ ದೇಶದಲ್ಲಿ ತಾವು ಕಂಡ ವಸ್ತುಗಳಲ್ಲೆಲ್ಲ ಚೊಂಬೇ ಶ್ರೇಷ್ಠ ಅಂತ ಅವರು ಅದರಲ್ಲಿ ಬರೆದಿದ್ದಾರೆ. ತಲೆ ಮೇಲೆ ಹೊರುವುದೋ ಸೊಂಟದಲ್ಲೋ, ತುಂಬಿದಾಗ ತೂಕ ಎಲ್ಲಿ ಕೂರುತ್ತೆ, ಬಿಸಿ ಇದ್ದರೆ ಹಿಡಿಯೋಕಾಗುತ್ತಾ, ಕಲ್ಲಿನ ಮೇಲಿಟ್ಟಾಗ ಸದ್ದು ಹೇಗೆ: ಒಂದು ಪಾತ್ರೆಗೆ ಇಷ್ಟು ಪ್ರಶ್ನೆ!

ನಾನು ಶೀಟಿನಲ್ಲಿ ಅದರ ಶೇಡಿಂಗು ಮಾಡುತ್ತಿದ್ದೆ. ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು.

“ನಿಮ್ಮನೇಲಿ ಇದನ್ನ ಯಾರಮ್ಮ ತೊಳೆಯೋದು?”

ಎಲ್ಲರೆದುರು ಕನ್ನಡದಲ್ಲಿ. ನಾನು “ಮೈ ಮದರ್, ಸರ್” ಅಂದೆ.

“ಹಾಗಾದ್ರೆ ಅವರನ್ನ ಕೇಳ್ಕೊಂಡು ಬಾ, ಬಾಯಿ ಯಾಕೆ ಇಷ್ಟೇ ಅಗಲ ಅಂತ.”

ಮೆಜೆಸ್ಟಿಕ್‌ನಿಂದ ಶ್ರೀನಗರದ ಬಸ್ಸಿನಲ್ಲಿ ಇಡೀ ದಾರಿ ಅದೇ. ಯಾರಮ್ಮ ತೊಳೆಯೋದು? ನನ್ನನ್ನೇ ಯಾಕೆ ಕೇಳಿದರು? ಕನ್ನಡದಲ್ಲಿ ಕೇಳಿದವರಿಗೆ ನಾನ್ಯಾಕೆ ಇಂಗ್ಲಿಷಿನಲ್ಲಿ ಹೇಳಿದೆ? ಕ್ಲಾಸಿನಲ್ಲಿ ದಿನಕ್ಕೆ ನೂರು ಸಲ ‘ಯೂಸರ್’ ಅಂತೀವಿ. ಆ ಯೂಸರ್ ಕೈಗೆ ಬಳೆ ಇರುತ್ತೆ, ಉಗುರಲ್ಲಿ ಹುಣಸೆಹಣ್ಣು ಮೆತ್ತಿಕೊಂಡಿರುತ್ತೆ ಅಂತ ನಮ್ಮ ಟ್ಯಾಟೂ ಮೇಷ್ಟ್ರು ಒಂದು ದಿನವೂ ಅಂದಿಲ್ಲ. ಅವರಿಂದ ಎರಡು ಮಾರ್ಕ್ಸು ಬಸ್ಸಿನಲ್ಲೇ ಕಿತ್ತುಕೊಂಡೆ, ಪಾಪ.

ಅಮ್ಮ ಬಚ್ಚಲಲ್ಲಿ ಕೂತು ಚೊಂಬು ತೋರಿಸಿದಳು. ನಾನು ಮುಷ್ಟಿ ತೂರಿಸಲು ಹೋದೆ, ಗೆಣ್ಣಿನ ಹತ್ತಿರ ಸಿಕ್ಕಿಕೊಂಡಿತು. “ಹೆಬ್ಬೆರಳು ಒಳಕ್ಕೆ ಮಡಚೇ.” ಬಳೆ ಮೇಲಕ್ಕೆ ಸರಿಸಿ, ಐದೂ ಬೆರಳನ್ನು ಬಾಳೆಮೊಗ್ಗಿನ ಹಾಗೆ ಕೂಡಿಸಿ ಕೈ ಇಳಿಸಿದಳು. ಒಳಗೆ ಹೋದ ಮೇಲೆ ಬೆರಳು ಬಿಚ್ಚಿಕೊಂಡು ತಳವನ್ನೆಲ್ಲ ಗರಗರ ಉಜ್ಜಿತು.

“ಹಾಗಾದ್ರೆ ಬಾಯಿ ಇನ್ನೂ ಅಗಲ ಇದ್ದಿದ್ರೆ ಸುಲಭ ಅಲ್ವಾ?”

“ಕಳಶಕ್ಕೆ ಇಟ್ಟಾಗ? ಕೈ ಹೋಗಬೇಕು, ಕಾಯಿ ಬೀಳಬಾರದು.” ಆಮೇಲೆ, “ಇದನ್ನ ಹೇಳ್ಕೊಡೋಕೆ ಅಷ್ಟು ಫೀಸು ತಗೊಂಡ್ರಾ?”

ಮಾರನೇ ದಿನ ಮೇಷ್ಟ್ರಿಗೆ ಕನ್ನಡದಲ್ಲೇ ಹೇಳಿದೆ. ಕಾಯಿಯ ವಿಷಯ ಈಮ್ಸ್ ಪಟ್ಟಿಯಲ್ಲಿಲ್ಲ ಅಂತ ಜೇಬಿನ ಪೆನ್ನು ತೆಗೆದು ಅಂಗೈಯಲ್ಲೇ ಬರೆದುಕೊಂಡರು. ನಾನು ಜಂಬದಿಂದ, ಬಾಯಿ ಮೂರೂಕಾಲು ಇಂಚು ಅಂದೆ.

“ಅದು ಚೊಂಬಿಂದು. ಅಮ್ಮನ ಕೈ ಎಷ್ಟು?”

ಅಳೆದಿರಲಿಲ್ಲ.