ಒಂದು ಲೋಟ ಬರೀ ನೀರು

ಅಮೆರಿಕದ ಮಿಷಿಗನ್‌ಗೆ ಬಂದ ಮೇಲೆ ನನಗೆ ಸಿಕ್ಕ ಕೆಲಸ, ಆರನೇ ತರಗತಿಗೆ ಗಣಿತದ ಪಾಠ ಬರೆಯುವುದು. ಅದೇನು ಮಹಾ ಅಂದುಕೊಂಡಿದ್ದೆ. ಮೊದಲು ಸೂತ್ರ, ಆಮೇಲೆ ಎರಡು ಮಾದರಿ ಲೆಕ್ಕ, ಕೊನೆಗೆ ಅಭ್ಯಾಸ. ನಾನು ಕಲಿತದ್ದು ಹಾಗೇ ಅಲ್ವಾ? ಇಲ್ಲಿ ಎಲ್ಲಾ ತಿರುಗಾಮುರುಗಾ. ಮೊದಲು ಸಮಸ್ಯೆ ಕೊಡಬೇಕು, ಸೂತ್ರ ಮಕ್ಕಳ ಕಡೆಯಿಂದಲೇ ಬರಬೇಕು.

ಈ ರಾಜ್ಯಕ್ಕೆ ಇದು ಹೊಸದಲ್ಲ. 1991ರಲ್ಲೇ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಗ್ಲೆಂಡಾ ಲ್ಯಾಪನ್ ಮತ್ತು ಜೊತೆಗಾರರು ಆರರಿಂದ ಎಂಟನೇ ತರಗತಿಗೆ 'ಕನೆಕ್ಟೆಡ್ ಮ್ಯಾಥಮ್ಯಾಟಿಕ್ಸ್' ಶುರು ಮಾಡಿದ್ದರು. ಪಾಠಕ್ಕೆ ಮೂರು ಹಂತ: ಟೀಚರ್ ಸಮಸ್ಯೆ ಮುಂದಿಡುತ್ತಾರೆ, ಮಕ್ಕಳು ಗುದ್ದಾಡುತ್ತಾರೆ, ಕೊನೆಗೆ ಎಲ್ಲರೂ ಕೂಡಿ ಮಾತಾಡುತ್ತಾರೆ. ನಾವೂ ಅದನ್ನೇ ಹಿಡಿದೆವು.

ನನ್ನ ಪಾಲಿಗೆ ಬಂದದ್ದು ಅನುಪಾತ. ಇಲ್ಲಿ ಡಬ್ಬಿಯಲ್ಲಿ ಗಟ್ಟಿ ಕಿತ್ತಳೆ ರಸ ಸಿಗುತ್ತದೆ, ನೀರು ಬೆರೆಸಿ ಕುಡಿಯುತ್ತಾರೆ. ಒಂದು ಜಗ್ಗಿಗೆ 2 ಕಪ್ ರಸ, 3 ಕಪ್ ನೀರು. ಇನ್ನೊಂದಕ್ಕೆ 1 ಕಪ್ ರಸ, 4 ಕಪ್ ನೀರು. ರುಚಿ ಯಾವುದರಲ್ಲಿ ಜಾಸ್ತಿ? ಎರಡೇ ನಿಮಿಷದಲ್ಲಿ ಇಡೀ ಕ್ಲಾಸು ಉತ್ತರ ಹೇಳಿತು. ಅನುಪಾತದ ಗೊಡವೆಯೇ ಬೇಕಾಗಲಿಲ್ಲ. ರಸ ಜಾಸ್ತಿ, ನೀರು ಕಮ್ಮಿ, ಮುಗೀತು. ನನ್ನ ಪಾಠ ಠುಸ್ ಆಯಿತು.

ಎರಡನೇ ಜಗ್ಗನ್ನು 3 ಕಪ್ ರಸ, 4 ಕಪ್ ನೀರು ಅಂತ ಬದಲಿಸಿದೆ. ಈಗ ನೋಡಿ ಮಜಾ. "ಎರಡೂ ಒಂದೇ, ಎರಡರಲ್ಲೂ ನೀರು ಒಂದು ಕಪ್ ಜಾಸ್ತಿ ಅಷ್ಟೇ" ಅಂದ ಒಬ್ಬ ಹುಡುಗ. ಅರ್ಧ ಕ್ಲಾಸು ತಲೆಯಾಡಿಸಿತು. ನನಗೋ ನಾಲಿಗೆ ತುದಿಗೆ ಓರೆ ಗುಣಾಕಾರ ಬಂದು ನಿಂತಿತ್ತು. ಬಾಯಿ ತೆರೆಯುವಷ್ಟರಲ್ಲಿ ಟೀಚರ್ ಕಣ್ಣಲ್ಲೇ ಬೇಡ ಅಂದರು. ಪಕ್ಕದ ಮೇಜಿನ ಹುಡುಗಿ ನಿಧಾನಕ್ಕೆ ಕೇಳಿದಳು, "ಹಾಗಾದರೆ 1 ಕಪ್ ರಸ, 2 ಕಪ್ ನೀರೂ ಅದೇ ರುಚಿನಾ?" ಹುಡುಗ ಹೂಂ ಅಂದ. "ಸೊನ್ನೆ ಕಪ್ ರಸ, 1 ಕಪ್ ನೀರು?"

ಹುಡುಗ ಸುಮ್ಮನಾದ. ಆಮೇಲೆ ಅವನೇ ನಕ್ಕುಬಿಟ್ಟ.

ಆ ಸೊನ್ನೆಯನ್ನು ಪಠ್ಯದಲ್ಲೇ ಹಾಕಬೇಕು ಅಂತ ನಾನು ಹಟ ಹಿಡಿದೆ. ಬೇಡ ಅಂತ ಟೀಚರ್. ಅಚ್ಚು ಹಾಕಿದರೆ ಅದು ಪುಸ್ತಕದ ಮಾತಾಗುತ್ತದೆ, ಅವಳದಾಗುವುದಿಲ್ಲ ಅಂದರು. ಕೊನೆಗೆ ಶಿಕ್ಷಕರ ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿದೆವು: ಯಾರಿಗೂ ಹೊಳೆಯದಿದ್ದರೆ, ಹತ್ತು ನಿಮಿಷ ಕಾದು ಕೇಳಿ.

ಪೋಷಕರ ಸಭೆಯಲ್ಲಿ ಒಬ್ಬ ಅಪ್ಪನಿಗೆ ಸಿಟ್ಟು ಬಂದಿತ್ತು. "ಬಿಡಿಸಿ ತೋರಿಸಿದ ಲೆಕ್ಕ ಒಂದೂ ಇಲ್ಲ, ಮನೆಯಲ್ಲಿ ನಾನು ಹೇಗೆ ಹೇಳಿಕೊಡಲಿ?" ನ್ಯಾಯವಾದ ಮಾತೇ. ಈ ಜಗಳವೂ ಇಲ್ಲಿ ಹಳೆಯದು. 1999ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಇಂಥ ಹತ್ತು ಪಠ್ಯಗಳನ್ನು ಮೆಚ್ಚಿದಾಗ, 200ಕ್ಕೂ ಹೆಚ್ಚು ಗಣಿತಜ್ಞರು, ವಿಜ್ಞಾನಿಗಳು ಪತ್ರಿಕೆಯಲ್ಲಿ ಬಹಿರಂಗವಾಗಿ ವಿರೋಧಿಸಿದ್ದರು. ನಾವು ಮನೆಯವರಿಗೆಂದೇ ಒಂದು ಪುಟ ಬರೆದುಕೊಟ್ಟೆವು.

ಮುಂದಿನ ತರಗತಿಯಲ್ಲಿ ಸೊನ್ನೆ ಯಾರಿಗೂ ಹೊಳೆಯಲಿಲ್ಲ. ಎಂಟು ನಿಮಿಷ ಆಯಿತು. ಮೂಲೆಯ ಹುಡುಗನೊಬ್ಬ ಕಪ್ಪುಗಳ ಚಿತ್ರ ಬಿಡಿಸುತ್ತಲೇ ಇದ್ದ. ಮೊದಲ ಜಗ್ಗು ನಾಲ್ಕು ಸಲ, ಎರಡನೆಯದು ಮೂರು ಸಲ. ಎರಡೂ ಕಡೆ ನೀರು 12 ಕಪ್. ರಸ ಇಲ್ಲಿ 8, ಅಲ್ಲಿ 9. ಅವನು ಮತ್ತೆ ಮೊದಲಿಂದ ಎಣಿಸಿದ. ನಾನು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೂತಿದ್ದೆ.