ಬೋರ್‌ವೆಲ್ ಪುಡಿ, ಕಡಲ ತಳದ ತಾಮ್ರ

18 ಫೆಬ್ರವರಿ 2024, ಭಾನುವಾರ
ಮೈಸೂರು

ಬೆಳಗ್ಗೆಯೇ ಮಾವ ಪಾಂಡವಪುರದಿಂದ ಬಂದು, ಹೊಸ ಬೋರ್‌ವೆಲ್‌ನಿಂದ ಎದ್ದ ಪುಡಿಯನ್ನು ಮೇಜಿನ ಮೇಲೆ ಸುರಿದರು. "ನೋಡ್ಲಾ, ಹೆಂಗೆ ಹೊಳೀತೈತೆ! ಮರಳಗಾಲದಲ್ಲಿ ಲಿಥಿಯಂ ಸಿಕ್ತಂತೆ, ನಮ್ಮ ಹೊಲದಲ್ಲಿ ಚಿನ್ನ ಇರಬಾರ್ದಾ?" ಸೂಜಿಮೊನೆ ಒತ್ತಿದೆ, ಪದರ ಪದರವಾಗಿ ಬಿಚ್ಚಿಕೊಂಡಿತು. ಕಾಗೆಬಂಗಾರ.

"ಹೋಗ್ಲಿ, ತಾಮ್ರ?"

ಅದಕ್ಕೆ ಮಂಡ್ಯಕ್ಕಿಂತ ಚಿತ್ರದುರ್ಗ ಮೇಲು ಅಂದೆ. ಅಲ್ಲಿನ ಇಂಗಳದಾಳಿನಲ್ಲಿ ತಾಮ್ರದ ಗಣಿಯೇ ನಡೆದಿತ್ತು. ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹಾಗೆ ಉಂಡೆಗಟ್ಟುತ್ತದೆ. ಅಂದರೆ ಈಗಿನ ಬಯಲುಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು. ಮಾವ ನಂಬಲಿಲ್ಲ, ಬಿಡಿ.

ನೀರಿನಡಿಗೂ ತಾಮ್ರಕ್ಕೂ ನಂಟು ಹೀಗೆ: ಸಮುದ್ರದ ನೀರು ತಳದ ಬಿರುಕುಗಳಲ್ಲಿ ಇಳಿದು, ಕೆಳಗಿನ ಶಿಲಾಪಾಕದ ಕಾವಿಗೆ ಕಾದು, ದಾರಿಯ ಬಂಡೆಗಳಿಂದ ತಾಮ್ರ, ಸತು, ಕಬ್ಬಿಣ ಕರಗಿಸಿಕೊಂಡು ಮತ್ತೆ ಚಿಮ್ಮುತ್ತದೆ. 1979ರಲ್ಲಿ ಆಲ್ವಿನ್ ಎಂಬ ಜಲಾಂತರ್ನೌಕೆಯಲ್ಲಿ ಪೆಸಿಫಿಕ್ ತಳಕ್ಕಿಳಿದವರು ಇದನ್ನು ಕಣ್ಣಾರೆ ಕಂಡರು: ಸುಮಾರು 350 ಡಿಗ್ರಿಯ ಬಿಸಿನೀರು, ಬುಗ್ಗೆಯ ಬಾಯಲ್ಲಿ ಕಪ್ಪು ಹೊಗೆ. ಆ ಹೊಗೆ ತಣ್ಣೀರು ತಾಗಿದ ಕೂಡಲೇ ಹೆಪ್ಪುಗಟ್ಟುವ ಸಲ್ಫೈಡ್, ಅಂದರೆ ಗಂಧಕ ಕೂಡಿದ ಲೋಹದ ಪುಡಿ. ಅದು ಗುಡ್ಡೆಗಟ್ಟಿ ಬಂಡೆಯ ಬಹುಪಾಲು ಸಲ್ಫೈಡೇ ಆದರೆ 'ಮ್ಯಾಸಿವ್ ಸಲ್ಫೈಡ್'. ಸಾಮಾನ್ಯವಾಗಿ ಬಿಸಿ ಹೆಚ್ಚಿದ್ದ ಬುಡದಲ್ಲಿ ತಾಮ್ರ, ಮೇಲೂ ಅಂಚಿಗೂ ಸತು.

"ಹಂಗಾರೆ ಹುಡುಕೋದು ಹೆಂಗೆ?"

ಹೊಳಪು ನೋಡಿ ಅಲ್ಲ, ತುಕ್ಕು ನೋಡಿ. ಮಳೆಗಾಳಿಗೆ ಸಿಕ್ಕ ಸಲ್ಫೈಡ್ ಮೇಲ್ಗಡೆ ಕೆಂಪು-ಕಂದು ಕಬ್ಬಿಣದ ಟೋಪಿಯಾಗಿ ಉಳಿದಿರುತ್ತದೆ. ಟೋಪಿ ಕಾಣದಿದ್ದರೆ, ನೆಲದಡಿ ವಿದ್ಯುತ್ ಹರಿಸುವ ಬಂಡೆಯನ್ನು ಪತ್ತೆ ಹಚ್ಚುವ ವಿದ್ಯುತ್ಕಾಂತೀಯ ಸರ್ವೆ. ಕೆನಡಾದ ಕಿಡ್ ಕ್ರೀಕ್ ಸಿಕ್ಕಿದ್ದು ಹಾಗೆ: ಆಕಾಶದಿಂದ ಹಿಡಿದ ಸಂಕೇತದ ಮೇಲೆ 1963ರ ನವೆಂಬರ್‌ನಲ್ಲಿ ಕೊರೆದರೆ ಮೊದಲ ರಂಧ್ರದಲ್ಲೇ ಅದಿರು. ಆದರೆ ಈ ಕಥೆ ಕೇಳಿ ಉಬ್ಬುವ, ನನ್ನ ಬಳಿ ಕಲಿಯುವ ಹುಡುಗರಿಗೆ ಗ್ರಾಫೈಟ್ ನೆನಪಿಸಬೇಕಾಗುತ್ತದೆ. ಅದೂ ವಿದ್ಯುತ್ ಹರಿಸುತ್ತದೆ, ಪರದೆಯ ಮೇಲೆ ಥೇಟ್ ಅದಿರಿನ ಹಾಗೇ ಕಾಣುತ್ತದೆ. ಸತುವಿನ ಅದಿರು ಮಾತ್ರ ಅಷ್ಟಾಗಿ ಹರಿಸುವುದಿಲ್ಲ, ಒಳ್ಳೆಯದೇ ತಪ್ಪಿಹೋಗಬಹುದು. ಅದಕ್ಕೇ ಗುರುತ್ವ ಸರ್ವೆಯನ್ನೂ ಮಾಡಿಸಿ ಅನ್ನುವ ಪಕ್ಷದವನು ನಾನು: ಗ್ರಾಫೈಟ್ ಹಗುರ, ಸಲ್ಫೈಡ್ ಭಾರ. ಖರ್ಚು ಅಂತ ಗೊಣಗುವವರು ಒಂದು ಬರಿ ರಂಧ್ರ ಕೊರೆಸಿದ ಖರ್ಚನ್ನೂ ಲೆಕ್ಕ ಹಾಕಲಿ.

ಈ ತಿಂಗಳ ಕೊನೆಗೆ ಹುಡುಗರನ್ನು ಮರಡಿಹಳ್ಳಿಗೆ ಕರೆದೊಯ್ಯಬೇಕು. ದಿಂಬಿನ ಉಬ್ಬಿದ ಬದಿ ಮೇಲು, ಚೂಪಾಗಿ ಇಳಿದ ಬದಿ ಕೆಳಗು. ಪದರಗಳೆಲ್ಲ ಬಾಗಿ ನೆಟ್ಟಗೆ ನಿಂತಿರುವ ಜಾಗದಲ್ಲಿ ಹಳೆಯ ಸಮುದ್ರದ 'ಮೇಲು' ಇವತ್ತು ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿರಬಹುದು. ಅದು ಗೊತ್ತಾಗದೆ ತಾಮ್ರದ ಬುಡ ಯಾವ ಕಡೆ, ರಿಗ್ ಎಲ್ಲಿ ನಿಲ್ಲಿಸಬೇಕು ಅನ್ನುವುದು ತಿಳಿಯುವುದಿಲ್ಲ. ನಕ್ಷೆ ಕೊಡದೆ ಅವರಿಂದಲೇ ಗುರುತು ಹಾಕಿಸುವ ಯೋಚನೆ ಇದೆ.